ಈ ಗಲಾಟೆ ಯಾವ ಠಾಣೆಯದು?

ರಾತ್ರಿ ಹನ್ನೊಂದು ದಾಟಿದ ಮೇಲೆ ಬಸವೇಶ್ವರನಗರದ ಯಾವುದೋ ಮೂವತ್ತಡಿ ಕ್ರಾಸಿಗೆ ಬೋರ್‌ವೆಲ್ ಗಾಡಿ ನುಗ್ಗಿತೆಂದುಕೊಳ್ಳಿ. ಬರುವುದು ಎರಡು ಲಾರಿ: ಒಂದರ ಮೇಲೆ ರಿಗ್ಗು, ಇನ್ನೊಂದರ ತುಂಬ ರಾಡು. ಕಂಪ್ರೆಸರ್ ಶುರುವಾದರೆ ಕಿಟಕಿಯ ಗಾಜು ಅದುರುತ್ತದೆ. ಒಂದು ರಾಡು ಇಳಿದು ಮುಂದಿನದನ್ನು ಜೋಡಿಸುವಾಗ ಕಬ್ಬಿಣಕ್ಕೆ ಕಬ್ಬಿಣ ಬಡಿದು ಖಣ್ಣೆನ್ನುತ್ತದೆ. ನೀರು ಸಿಗುವವರೆಗೂ ಅದೇ. ಗೇಟಿಗೆ ಬಂದು ನಿಂತ ನೆರೆಯವರಲ್ಲಿ ಒಬ್ಬರು ‘ಸ್ಟೇಷನ್ನಿಗೆ ಫೋನ್ ಮಾಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಪಾಲಿಕೆಯವರಿಗೆ ಹೇಳಬೇಕು’ ಎನ್ನುತ್ತಾರೆ, ಮೂರನೆಯವರು ‘ಜಲಮಂಡಳಿ ಪರ್ಮಿಷನ್ ಇದೆಯಾ ಕೇಳಿ’ ಎನ್ನುತ್ತಾರೆ. ಮೂವರೂ ಹೇಳಿದ್ದು ಸರಿ. ತೊಂದರೆ ಇರುವುದೇ ಅಲ್ಲಿ.

ಕಿವಿಗೆ ಸದ್ದು ಒಂದೇ. ಕಾನೂನು ಮಾತ್ರ ಅದು ಯಾವುದರಿಂದ ಬಂತು, ಎಷ್ಟು ಹೊತ್ತಿಗೆ ಬಂತು, ಯಾವ ಜಾಗದಲ್ಲಿ ಬಂತು ಎಂದು ಕೇಳಿ ಬೇರೆ ಬೇರೆ ಕಚೇರಿಗಳಿಗೆ ಹಂಚುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಇರುವ ಪಶ್ಚಿಮ ಬೆಂಗಳೂರಿನಲ್ಲಿ ಈ ಹಂಚಿಕೆ ಬೇರೆಡೆಗಿಂತ ಹೆಚ್ಚು ಸಿಕ್ಕುಸಿಕ್ಕು. ಮನೆ, ಲೇತ್ ಶೆಡ್ಡು, ಛತ್ರ, ಬಾರು, ಮೆಟ್ರೊ ಕಂಬ ಎಲ್ಲ ಇಲ್ಲಿ ಒಂದೇ ಬೀದಿಯಲ್ಲಿವೆ. ದೂರು ಎಲ್ಲಿಗೆ ಎಂಬ ಪ್ರಶ್ನೆಯ ಸುತ್ತ ಹಲವು ವಾದಗಳು ಬೆಳೆದಿವೆ. ಪ್ರತಿಯೊಂದೂ ಒಂದು ಬಗೆಯ ಸದ್ದಿಗೆ ಹೊಂದುತ್ತದೆ, ಉಳಿದವಕ್ಕೆ ಹೊಂದುವುದಿಲ್ಲ.

ಸೈರನ್ನಿನಿಂದ ಡಿಜೆವರೆಗೆ

ಈ ಭಾಗದ ಹಳಬರಿಗೆ ಸದ್ದೆಂದರೆ ಮೊದಲು ನೆನಪಾಗುವುದು ಗಿರಣಿ. ಮಾಗಡಿ ರಸ್ತೆ ಬದಿಯ ಬಿನ್ನಿ ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಮನೆಗಳಿದ್ದವು; ಅದರ ಮೇಲೆ ಯಾರೂ ದೂರು ಕೊಡಲಿಲ್ಲ, ಊಟ ಬರುತ್ತಿದ್ದುದೇ ಅಲ್ಲಿಂದ. ಆಮೇಲೆ ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳು ಬಂದವು. ಅವುಗಳ ಸುತ್ತ ಕಾರ್ಮಿಕರ ಮನೆ ಎದ್ದವು, ಕಾರ್ಮಿಕರ ಮಕ್ಕಳು ಬೇರೆ ಕೆಲಸ ಹಿಡಿದರು. ಪವರ್ ಪ್ರೆಸ್ಸಿನ ಡಬ್ ಡಬ್ ಆಗ ಮೊದಲ ಸಲ ಕಿರಿಕಿರಿಯಾಯಿತು.

ಕಾನೂನು ಬೆಳೆದದ್ದೂ ಹಂತಹಂತವಾಗಿ. ಬ್ರಿಟಿಷರ ಕಾಲದ ದಂಡ ಸಂಹಿತೆಗೆ ಸದ್ದು ಸಾರ್ವಜನಿಕ ಉಪದ್ರವಗಳಲ್ಲಿ ಒಂದು, ಅಷ್ಟೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ವಾದ್ಯ, ಧ್ವನಿವರ್ಧಕಗಳನ್ನು ತಡೆಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 1981ರ ವಾಯು ಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಗಿ ಸದ್ದೂ ಮಾಲಿನ್ಯಕಾರಕಗಳ ಪಟ್ಟಿ ಸೇರಿತು. ಮಾಲಿನ್ಯ ನಿಯಂತ್ರಣ ಮಂಡಳಿ ಕಣಕ್ಕಿಳಿದದ್ದು ಹಾಗೆ. 2000ದ ಫೆಬ್ರುವರಿಯಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ಇವತ್ತಿಗೂ ಎಲ್ಲ ಚರ್ಚೆಯ ತಳಪಾಯ ಅದೇ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ಕೈಗಾರಿಕೆಗೆ 75 ಮತ್ತು 70, ನಿಶ್ಯಬ್ದ ವಲಯಕ್ಕೆ 50 ಮತ್ತು 40. ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು.

ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ, ಧ್ವನಿವರ್ಧಕ ಹಾಕಿಯೇ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು. 2005ರ ಜುಲೈ 18ರ ತೀರ್ಪು ಇನ್ನೂ ಗಟ್ಟಿ. ಜೋರು ಸಂಗೀತದ ನಡುವೆ ಅತ್ಯಾಚಾರಕ್ಕೊಳಗಾದ ಹುಡುಗಿಯೊಬ್ಬಳ ಕೂಗು ಯಾರಿಗೂ ಕೇಳಿಸಲಿಲ್ಲವೆಂಬ ಸುದ್ದಿ ಓದಿ ಒಬ್ಬ ಎಂಜಿನಿಯರ್ ಹೂಡಿದ ಅರ್ಜಿ ಅದು. ಸದ್ದಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ತುರ್ತು ಸಂದರ್ಭ ಬಿಟ್ಟರೆ ರಾತ್ರಿ ಹತ್ತರಿಂದ ಆರರವರೆಗೆ ಡೋಲು, ತಮಟೆ, ಕಹಳೆ, ಆಂಪ್ಲಿಫೈಯರ್ ಯಾವುದೂ ಬೇಡ ಎಂದಿತು. 2010ರ ತಿದ್ದುಪಡಿ ಹಾರ್ನ್, ಪಟಾಕಿ, ಕಟ್ಟಡ ಕೆಲಸದ ಯಂತ್ರಗಳನ್ನೂ ರಾತ್ರಿ ನಿಷೇಧದೊಳಕ್ಕೆ ತಂದಿತು.

ಪೊಲೀಸರ ಕೆಲಸ ಎನ್ನುವವರು

ಮೊದಲ ವಾದ ಸರಳ: ಈಗ, ಈ ಕ್ಷಣ ನಿಲ್ಲಬೇಕಾದ ಸದ್ದನ್ನು ನಿಲ್ಲಿಸಬಲ್ಲವರು ಪೊಲೀಸರು ಮಾತ್ರ. 112ಕ್ಕೆ ಕರೆ ಹೋದರೆ ಹೊಯ್ಸಳ ಗಸ್ತು ವಾಹನ ಬರುತ್ತದೆ. ಮಾಲಿನ್ಯ ಮಂಡಳಿಗೆ ರಾತ್ರಿ ಗಸ್ತಿಲ್ಲ, ಪಾಲಿಕೆಯ 1533 ಸಹಾಯವಾಣಿ ದೂರಿಗೆ ನಂಬರು ಕೊಡುತ್ತದೆ, ಡಿಜೆಯ ಪ್ಲಗ್ ಕೀಳುವುದಿಲ್ಲ.

ಈ ವಾದ ಗಟ್ಟಿಯಾಗುವುದು ಹತ್ತು ಗಂಟೆಯ ನಂತರ. ಧ್ವನಿವರ್ಧಕಕ್ಕೆ ಹಗಲಿನಲ್ಲೂ ಲಿಖಿತ ಅನುಮತಿ ಬೇಕು; ರಾತ್ರಿ ಅದು ನಿಷಿದ್ಧವೇ. ಸಭಾಂಗಣದಂಥ ಮುಚ್ಚಿದ ಜಾಗದಲ್ಲಿ ಒಳಗಿನವರಿಗಷ್ಟೇ ಕೇಳಿಸುವಂತೆ ಬಳಸುವುದಕ್ಕೆ ವಿನಾಯಿತಿ ಇದೆ. ಟೆರೇಸಿನ ಮೇಲಿನ ಹುಟ್ಟುಹಬ್ಬಕ್ಕೆ ಇಲ್ಲ. ‘ಡೆಸಿಬಲ್ ರಿಪೋರ್ಟ್ ತನ್ನಿ, ಆಮೇಲೆ ನೋಡೋಣ’ ಎಂಬ ಮಾತು ಠಾಣೆಗಳಲ್ಲಿ ಕೇಳಿಬರುವುದುಂಟು. ರಾತ್ರಿಯ ಮಟ್ಟಿಗೆ ಈ ಮಾತಿಗೆ ನಿಯಮದಲ್ಲಿ ಆಧಾರವಿಲ್ಲ. 2000ದ ಮೂಲ ನಿಯಮದ ಪ್ರಕಾರ ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ಮಾತ್ರ ನಾಗರಿಕರು ದೂರು ಕೊಡಬಹುದಿತ್ತು. 2010ರ ತಿದ್ದುಪಡಿಯ ನಂತರ ರಾತ್ರಿ ನಿರ್ಬಂಧ ಮುರಿದದ್ದೇ ದೂರಿಗೆ ಸಾಕು. ಮೀಟರ್ ಬೇಡ, ಗಡಿಯಾರ ಸಾಕು. ಇಡೀ ವಿಷಯದಲ್ಲಿ ಓದುಗರು ನೆನಪಿಡಬೇಕಾದ್ದು ಒಂದೇ ಅಂಶವಾದರೆ ಅದು ಇದೇ ಎಂದು ನನ್ನ ಎಣಿಕೆ.

ಬಾರು, ಪಬ್ಬುಗಳ ಲೈವ್ ಮ್ಯೂಸಿಕ್ ಕೂಡ ಪೊಲೀಸರ ಪಾಲಿನದೇ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಯ 2005ರ ಆದೇಶ ಆ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿದೆ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇಂದಿರಾನಗರದವರು ಪಬ್ಬುಗಳ ವಿರುದ್ಧ ಹೈಕೋರ್ಟಿನವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಬಾರ್ ಅಂಡ್ ರೆಸ್ಟೋರೆಂಟುಗಳಿಗೂ ಅದೇ ಕಾನೂನು, ಕೋರ್ಟಿಗೆ ಹೋಗುವಷ್ಟು ಪುರುಸೊತ್ತು ಮಾತ್ರ ಇಲ್ಲಿನವರಿಗೆ ಕಡಿಮೆ.

ಯಾವ ಠಾಣೆ ಎಂಬುದು ಬೇರೆಯೇ ಪುರಾಣ. ಬಸವೇಶ್ವರನಗರ, ವಿಜಯನಗರ, ಕಾಮಾಕ್ಷಿಪಾಳ್ಯ ಠಾಣೆಗಳು ಪಶ್ಚಿಮ ವಿಭಾಗದವು. ರಾಜಾಜಿನಗರ ಬಹುಕಾಲ ಉತ್ತರ ವಿಭಾಗದ ಲೆಕ್ಕದಲ್ಲಿತ್ತು. ವೆಸ್ಟ್ ಆಫ್ ಕಾರ್ಡ್ ರೋಡಿನ ಆಚೀಚೆ ಇರುವವರಿಗೆ ‘ಅದು ನಮ್ಮ ಲಿಮಿಟ್ಸ್ ಅಲ್ಲ’ ಎಂಬ ಉತ್ತರ ಹೊಸದೇನಲ್ಲ. ಆದ್ದರಿಂದ ಠಾಣೆಯ ನಂಬರಿಗಿಂತ 112 ವಾಸಿ, ಗಡಿ ಗುರುತಿಸುವುದು ಅವರ ಪಾಡು. ಕರೆ ಮಾಡಿದ ಹೊತ್ತು, ವಿಳಾಸ, ಗಡಿಯಾರ ಕಾಣುವಂತೆ ತೆಗೆದ ಅರ್ಧ ನಿಮಿಷದ ವಿಡಿಯೊ, ಈ ಮೂರು ಇಟ್ಟುಕೊಂಡವರ ದೂರು ಬೆಳಗ್ಗೆಯೂ ಬದುಕಿರುತ್ತದೆ.

ಈ ವಾದದ ಮಿತಿಯೂ ಅಲ್ಲೇ ಇದೆ. ಹೊಯ್ಸಳ ಹೋದ ಅರ್ಧ ಗಂಟೆಗೆ ಸದ್ದು ಮತ್ತೆ ಏಳುತ್ತದೆ. ಪೊಲೀಸರು ಒಂದು ರಾತ್ರಿಯನ್ನು ಉಳಿಸಿಕೊಡಬಹುದು, ಬೀದಿಯನ್ನಲ್ಲ.

ಮೀಟರಿನವರು

ಎರಡನೆಯ ಪಂಥ ಅಳತೆಯನ್ನು ನಂಬುತ್ತದೆ. ಸದ್ದು ಜಾಸ್ತಿ ಎಂಬುದು ನಿಮ್ಮ ಅಭಿಪ್ರಾಯ, 68 ಡೆಸಿಬಲ್ ಎಂಬುದು ಸಾಕ್ಷ್ಯ ಎನ್ನುತ್ತದೆ. ಜನರೇಟರ್, ಕಾರ್ಖಾನೆ, ಮಾಲ್‌ನ ಚಿಲ್ಲರ್, ಆಸ್ಪತ್ರೆಯ ಎಕ್ಸಾಸ್ಟ್, ಅಂದರೆ ಒಂದೇ ಕಡೆ ಕೂತು ದಿನವೂ ಕೂಗುವ ಯಂತ್ರಗಳಿಗೆ ಇದೇ ಸರಿಯಾದ ದಾರಿ. ಡೀಸೆಲ್ ಜನರೇಟರಿಗೆ ಪ್ರತ್ಯೇಕ ಮಿತಿಯಿದೆ: ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಇದನ್ನು ಅಳೆಯುವವರು, ಕಾರ್ಖಾನೆಗೆ ಸಮ್ಮತಿಪತ್ರ ಕೊಟ್ಟು ಹಿಂಪಡೆಯಬಲ್ಲವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಅದರ ಕೇಂದ್ರ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನವಾದರೂ, ಪಶ್ಚಿಮದವರು ಅಷ್ಟು ದೂರ ಹೋಗಬೇಕಿಲ್ಲ. ಶಿವನಗರದ ತಿಮ್ಮಯ್ಯ ರಸ್ತೆಯ ನಿಸರ್ಗ ಭವನದಲ್ಲಿ ಮಂಡಳಿಯ ವಲಯ ಕಚೇರಿಗಳಿವೆ.

ಆ ನಿಸರ್ಗ ಭವನವೇ ಒಂದು ಅಳತೆ ಕೇಂದ್ರವೂ ಹೌದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಏಳು ಮಹಾನಗರಗಳಲ್ಲಿ ಆರಂಭಿಸಿದ, ಹಗಲುರಾತ್ರಿ ಸದ್ದು ಅಳೆಯುವ ಜಾಲದಲ್ಲಿ ಬೆಂಗಳೂರಿಗೆ ಹತ್ತು ಕೇಂದ್ರಗಳು ಬಂದವು. ನಿಸರ್ಗ ಭವನದ್ದು ವಸತಿ ಪ್ರದೇಶದ ಲೆಕ್ಕಕ್ಕೆ, ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನದ್ದು ನಿಶ್ಯಬ್ದ ವಲಯದ ಲೆಕ್ಕಕ್ಕೆ. ನಿಶ್ಯಬ್ದ ವಲಯದ ಹಗಲಿನ ಮಿತಿ 50. ಇಬ್ಬರು ಎದುರುಬದುರು ನಿಂತು ಮಾತಾಡಿದರೇ 60ರ ಹತ್ತಿರ ಹೋಗುತ್ತದೆ. ಪಕ್ಕದಲ್ಲಿ ಕೆಂಗೇರಿ ಕಡೆಯ ಬಸ್ಸು, ಲಾರಿ ಹರಿಯುವ ಹೆದ್ದಾರಿ ಇಟ್ಟುಕೊಂಡು ಆ ಅಂಕಿ ಮುಟ್ಟುವುದು ಕನಸು.

ಮೀಟರಿನವರ ಮೇಲಿನ ದೊಡ್ಡ ಆಕ್ಷೇಪವೂ ಇದೇ. ಎಲ್ಲ ಕಡೆ ಮಿತಿ ಮೀರಿದ್ದರೆ ಅಳತೆ ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಡೆಸಿಬಲ್ ಎಂಬುದು ಕೂಡುವ ಲೆಕ್ಕವೂ ಅಲ್ಲ. 10 ಡೆಸಿಬಲ್ ಏರಿದರೆ ಶಕ್ತಿ ಹತ್ತುಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ರಸ್ತೆಯ ಸದ್ದೇ 65 ಇರುವಾಗ ಪಕ್ಕದ ಪ್ರೆಸ್ಸಿನ 65 ಸೇರಿದರೆ ಮೀಟರು ತೋರಿಸುವುದು 68 ಮಾತ್ರ. ಮಾಲೀಕ ‘ರಸ್ತೆ ಸೌಂಡ್ ಸಾರ್’ ಎಂದು ಪಾರಾಗುತ್ತಾನೆ. ಆದರೆ ಮಲಗಿದವನನ್ನು ಎಬ್ಬಿಸುವುದು ಸರಾಸರಿಯಲ್ಲ, ಬಡಿತ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗೆ ರಾತ್ರಿ 40 ಡೆಸಿಬಲ್ ಎಂದು ಸಲಹೆ ಕೊಟ್ಟದ್ದು ನಿದ್ದೆಯ ಲೆಕ್ಕದಲ್ಲಿ. ನಮ್ಮ ಮಂಡಳಿಯವರು ಅಳೆಯಲು ಬರುವುದು ಹೆಚ್ಚಾಗಿ ಕಚೇರಿ ವೇಳೆಯಲ್ಲಿ.

ಬೇರು ಲೈಸೆನ್ಸಿನಲ್ಲಿದೆ ಎನ್ನುವವರು

ಮೂರನೆಯ ವಾದಕ್ಕೆ ಪತ್ರಿಕೆಗಳಲ್ಲಿ ಜಾಗ ಕಡಿಮೆ, ನನಗೆ ಮಾತ್ರ ತೂಕ ಹೆಚ್ಚು ಕಾಣುತ್ತದೆ. ಸದ್ದು ಹುಟ್ಟಿದ ಮೇಲೆ ಹಿಡಿಯುವುದಕ್ಕಿಂತ ಅದು ಅಲ್ಲಿ ಹುಟ್ಟಲು ಯಾರು ಅವಕಾಶ ಕೊಟ್ಟರೆಂದು ಕೇಳಿ ಎನ್ನುತ್ತದೆ ಇದು. 2007ರಲ್ಲಿ ಜಾರಿಗೆ ಬಂದ ಬಿಡಿಎ ಮಾಸ್ಟರ್ ಪ್ಲಾನ್ ವಸತಿ ವಲಯದೊಳಗೂ ಅಂಗಡಿ, ಉದ್ಯಮಗಳಿಗೆ ಧಾರಾಳವಾಗಿ ಎಡೆಕೊಟ್ಟಿತು. ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯೊಂದರಲ್ಲಿ ನಡೆದು ನೋಡಿ: ಕೆಳಗೆ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಪವರ್ ಪ್ರೆಸ್, ಮೇಲೆ ಬಾಡಿಗೆ ಸಂಸಾರ, ಟೆರೇಸಿನ ಮೇಲೆ ತಗಡಿನ ಶೆಡ್ಡು, ಅಲ್ಲಿ ಗ್ರೈಂಡಿಂಗ್. ಪ್ರೆಸ್ಸನ್ನು ಕಾಂಕ್ರೀಟ್ ನೆಲಕ್ಕೆ ನೇರ ಬೋಲ್ಟ್ ಮಾಡಿದ್ದರೆ ಬಡಿತ ಗೋಡೆಯ ಮೂಲಕ ಮಂಚಕ್ಕೇ ಬರುತ್ತದೆ. ಅಡಿಯಲ್ಲಿ ರಬ್ಬರ್ ಪ್ಯಾಡ್ ಇದ್ದರೆ ಬಹುಪಾಲು ಅಲ್ಲೇ ಸಾಯುತ್ತದೆ. ಪಾಲಿಕೆಯ ಉದ್ದಿಮೆ ಪರವಾನಗಿ ನವೀಕರಿಸುವಾಗ ಆ ಪ್ಯಾಡಿನ ಷರತ್ತು ಹಾಕಿದರೆ ಪೊಲೀಸೂ ಬೇಡ, ಮೀಟರೂ ಬೇಡ.

ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಕಾರು ತೊಳೆಯುವ ಕೇಂದ್ರ, ಪರವಾನಗಿಯಿಲ್ಲದ ಶೆಡ್ಡು, ಛತ್ರ ಇವುಗಳ ದೂರು ಹೋಗಬೇಕಾದ್ದು ಪಾಲಿಕೆಯ ಆರೋಗ್ಯ ವಿಭಾಗಕ್ಕೆ, ಕಟ್ಟಡವೇ ಅಕ್ರಮವಾದರೆ ಎಂಜಿನಿಯರಿಗೆ. ಪಾಲಿಕೆ ಎಂದರೆ ಈಗ ಯಾವುದು ಎಂಬ ಪ್ರಶ್ನೆಯೂ ಇದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ರಾಜಾಜಿನಗರ, ಗೋವಿಂದರಾಜನಗರ, ವಿಜಯನಗರ ಕ್ಷೇತ್ರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ಕೊಳವೆಬಾವಿಯ ಪ್ರಶ್ನೆ ಇದರಿಂದ ಹೊರಗೆ: 2024ರ ಬರಗಾಲದ ಮಾರ್ಚಿನಿಂದ ನಗರದಲ್ಲಿ ಬೋರ್ ಕೊರೆಯಲು ಜಲಮಂಡಳಿಯ ಅನುಮತಿ ಬೇಕು. ಅನುಮತಿ ಇದ್ದರೂ ರಾತ್ರಿ ಕೊರೆಯುವಂತಿಲ್ಲ, ಅದು ಪೊಲೀಸರ ವಿಷಯ. ಅನುಮತಿಯೇ ಇಲ್ಲದಿದ್ದರೆ ಎರಡೂ ಕಡೆ ದೂರು.

ಈ ವಾದದ ದೌರ್ಬಲ್ಯ ನಿಧಾನ. ನೋಟಿಸು, ಉತ್ತರ, ಮರುನೋಟಿಸು ಎಂದು ಆರು ತಿಂಗಳು ಹೋಗುತ್ತದೆ. ಇನ್ನೊಂದು ನ್ಯಾಯದ ಪ್ರಶ್ನೆಯೂ ಇದೆ: ನಲವತ್ತು ವರ್ಷದಿಂದ ಇದ್ದ ಶೆಡ್ಡಿನ ಪಕ್ಕಕ್ಕೆ ಕಳೆದ ವರ್ಷ ಅಪಾರ್ಟ್‌ಮೆಂಟ್ ಕಟ್ಟಿ ಬಂದವರು ಶೆಡ್ಡು ಮುಚ್ಚಿಸಿ ಎಂದರೆ ಅಲ್ಲಿನ ಹತ್ತು ಕೆಲಸಗಾರರ ಗತಿ ಏನು?

ಓಡುವ ಸದ್ದು

ಇದರಲ್ಲಿ ವಾದ ಕಡಿಮೆ. ಕರ್ಕಶ ಹಾರ್ನ್, ಕಿತ್ತ ಸೈಲೆನ್ಸರ್ ಸಂಚಾರ ಪೊಲೀಸರ ಪಾಲು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಮೊದಲ ಸಲಕ್ಕೆ 1,000, ಮತ್ತೆ ಸಿಕ್ಕಿದರೆ 2,000 ರೂಪಾಯಿ ದಂಡ ಹೇಳುತ್ತದೆ. ವಾಹನದ ನಂಬರು ಕಾಣುವ ಫೋಟೊ ಸಂಚಾರ ಪೊಲೀಸರ ಆ್ಯಪ್‌ಗೆ ಸಾಕು. ಮಾರ್ಪಾಡು ಮಾಡಿಸಿಕೊಂಡ ಬೈಕು ಪದೇಪದೇ ಕಾಟ ಕೊಟ್ಟರೆ ಆರ್‌ಟಿಒಗೂ ಬರೆಯಬಹುದು, ರಾಜಾಜಿನಗರದ್ದು ಕೆಎ-02, ಜ್ಞಾನಭಾರತಿಯದ್ದು ಕೆಎ-41. ಮೆಟ್ರೊ ತಿರುವಿನಲ್ಲಿ ಹಳಿ ಕಿರುಗುಟ್ಟಿದರೆ ದೂರು ಮೆಟ್ರೊ ನಿಗಮವಾದ ಬಿಎಂಆರ್‌ಸಿಎಲ್‌ಗೆ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ 2015ರಲ್ಲಿ, ಅಲ್ಲಿಂದ ಕೆಂಗೇರಿಗೆ 2021ರಲ್ಲಿ ರೈಲು ಬಂದಾಗಿನಿಂದ ಕಂಬದ ಪಕ್ಕದ ಎರಡನೇ ಮಹಡಿಯವರಿಗೆ ಅದು ನಿತ್ಯದ ಸಂಗತಿ.

ಹಬ್ಬದ ಪ್ರಶ್ನೆ

ಜಗಳ ನಿಜವಾಗಿ ಬಿಸಿಯಾಗುವುದು ಇಲ್ಲಿ. ಗಣೇಶ ಕೂರಿಸುವುದು ಭಾದ್ರಪದದಲ್ಲಿ ಶುರುವಾಗಿ ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾವರೆಗೆ ಎಳೆಯುತ್ತದೆ. ನಡುವೆ ಅಣ್ಣಮ್ಮ ದೇವಿಯನ್ನು ಬೀದಿಗೆ ಕರೆತಂದು ಕೂರಿಸುವ ಉತ್ಸವ. ಇದು ಬಡಾವಣೆಯ ಬದುಕು, ಸದ್ದಿಲ್ಲದ ಹಬ್ಬ ಹಬ್ಬವೇ ಅಲ್ಲ ಎನ್ನುವವರು ಒಂದು ಕಡೆ. ಅವರನ್ನು ಅನಾಗರಿಕರೆಂದು ತಳ್ಳಿಹಾಕುವುದು ಸುಲಭ. ಆದರೆ ವರ್ಷಪೂರ್ತಿ ಹತ್ತಡಿ ಕೋಣೆಯಲ್ಲಿ ಬಾಳುವವರಿಗೆ ಬೀದಿ ತಮ್ಮದಾಗುವುದು ಆ ಹಬ್ಬದ ದಿನಗಳಲ್ಲಿ ಮಾತ್ರ ಎಂಬುದನ್ನು ತಳ್ಳಿಹಾಕುವುದು ಕಷ್ಟ. ಇನ್ನೊಂದು ಕಡೆ, ಕೇಳದಿರುವ ಹಕ್ಕೂ ಹಕ್ಕೇ ಎನ್ನುವವರು. ಪರೀಕ್ಷೆಗೆ ಓದುವ ಹುಡುಗಿ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಹೃದಯ ಶಸ್ತ್ರಚಿಕಿತ್ಸೆಯಾದ ಅಜ್ಜ ಅವರ ಸಾಕ್ಷಿಗಳು.

ಕಾನೂನು ನಡುದಾರಿ ಹಿಡಿದಿದೆ. ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರ್ಕಾರ ಹಬ್ಬಗಳಿಗೆ ಹತ್ತರಿಂದ ಹನ್ನೆರಡರವರೆಗೆ ಧ್ವನಿವರ್ಧಕ ಸಡಿಲಿಸಬಹುದು. 2005ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆ ದಿನಗಳನ್ನು ಮೊದಲೇ ಪ್ರಕಟಿಸಬೇಕು. ಪಟಾಕಿಗೆ ಬೇರೆ ಲೆಕ್ಕ, 2018ರ ತೀರ್ಪಿನ ಪ್ರಕಾರ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು.

2022ರಲ್ಲಿ ಕರ್ನಾಟಕದಲ್ಲಿ ಇದು ಆಜಾನ್–ಭಜನೆಯ ರಾಜಕೀಯವಾಯಿತು. ಮೇ 10ರ ಸರ್ಕಾರಿ ಆದೇಶ ಎಲ್ಲ ಧ್ವನಿವರ್ಧಕಗಳಿಗೂ 15 ದಿನದೊಳಗೆ ಲಿಖಿತ ಅನುಮತಿ ಪಡೆಯಬೇಕೆಂದಿತು. ಕಮಿಷನರೇಟ್ ವ್ಯಾಪ್ತಿಯಲ್ಲಿ ಎಸಿಪಿ, ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್, ಮಾಲಿನ್ಯ ಮಂಡಳಿಯ ಪ್ರತಿನಿಧಿ ಇರುವ ಸಮಿತಿ ರಚನೆಯಾಯಿತು. ನನ್ನ ಮಟ್ಟಿಗೆ ಆ ಗದ್ದಲದ ಒಳ್ಳೆಯ ಫಲವೆಂದರೆ ಈ ಸಮಿತಿಯೇ: ಮೂರು ಕಚೇರಿಯವರು ಒಂದೇ ಮೇಜಿನಲ್ಲಿ ಕೂರಬೇಕೆಂದು ಕಾಗದದ ಮೇಲಾದರೂ ಬಂತು. ಆಗಸ್ಟಿನಲ್ಲಿ ಹೈಕೋರ್ಟ್, ಆಜಾನಿನ ಮಾತುಗಳಿಂದ ಅನ್ಯಧರ್ಮೀಯರ ಹಕ್ಕಿಗೆ ಧಕ್ಕೆಯೆಂಬ ವಾದವನ್ನು ಒಪ್ಪದೆ, ಸದ್ದಿನ ನಿಯಮವನ್ನು ಮಾತ್ರ ಪಾಲಿಸಿ ಎಂದಿತು. ಪ್ರಶ್ನೆ ಏನು ಕೂಗುತ್ತಿದ್ದಾರೆ ಎಂಬುದಲ್ಲ, ಎಷ್ಟು ಜೋರಾಗಿ, ಎಷ್ಟು ಹೊತ್ತಿಗೆ ಎಂಬುದು. ದೂರು ಬರೆಯುವವರೂ ಇದನ್ನು ಪಾಲಿಸುವುದು ಒಳ್ಳೆಯದು.

ಮಾತಿನಲ್ಲೇ ಮುಗಿಯಲಿ ಎನ್ನುವವರು

ಮಿಕ್ಸಿ, ಬೊಗಳುವ ನಾಯಿ, ಮೇಲ್ಮನೆಯ ಕುರ್ಚಿ ಎಳೆತ, ಬೆಳಗಿನ ಐದಕ್ಕೆ ಹಾಕುವ ಸುಪ್ರಭಾತ: ಇವಕ್ಕೆ ಹೊಯ್ಸಳ ಕರೆಸಿದರೆ ಸದ್ದು ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಂಘವಿದೆ, ಸ್ವಂತ ಮನೆಗಳ ಬೀದಿಯಲ್ಲಿ ಹಿರಿಯರು. ಬಗೆಹರಿಯದಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಉಪದ್ರವ ನಿವಾರಣೆಗೆ ಕೋರಬಹುದು, ಹಳೆಯ ಸಿಆರ್‌ಪಿಸಿಯ 133ನೇ ಕಲಮು ಈಗ ಹೊಸ ಸಂಹಿತೆಯಲ್ಲಿ 152. ಸಿವಿಲ್ ಕೋರ್ಟಿನ ತಡೆಯಾಜ್ಞೆಯೂ ಉಂಟು, ಚೆನ್ನೈನಲ್ಲಿ ಪೀಠವಿರುವ ಹಸಿರು ನ್ಯಾಯಮಂಡಳಿಯೂ ಉಂಟು. ಮಾತಿನ ದಾರಿ ಸಮಬಲರ ನಡುವೆ ಮಾತ್ರ ನಡೆಯುತ್ತದೆ ಎಂಬುದೇ ಈ ವಾದದ ತೊಡಕು. ಬಾಡಿಗೆಯವರು ಮಾಲೀಕನ ತಮ್ಮನ ವರ್ಕ್‌ಶಾಪಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಇತ್ಯರ್ಥವಾಗದ್ದು

ಹತ್ತರ ನಂತರದ್ದು ಕಾಗದದಲ್ಲಾದರೂ ಸ್ಪಷ್ಟ, ಹಗಲಿನದು ಅನಾಥ. ಪಕ್ಕದ ಸೈಟಿನಲ್ಲಿ ಎರಡು ವರ್ಷ ನಡೆಯುವ ಟೈಲ್ಸ್ ಕಟಿಂಗಿಗೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 55ರ ಮಿತಿಯೊಂದೇ ತಡೆ, ಅದನ್ನು 10 ಮೀರಿದೆಯೆಂದು ತೋರಿಸುವ ಹೊರೆ ದೂರುದಾರನ ಮೇಲೆ. ಫೋನಿನ ಆ್ಯಪ್ ತೋರಿಸುವ ಅಂಕಿಗೆ ಎಷ್ಟು ಬೆಲೆ ಕೊಡಬೇಕೆಂಬುದರಲ್ಲೂ ಒಮ್ಮತವಿಲ್ಲ.

ನಿಶ್ಯಬ್ದ ವಲಯದ ಗೊಂದಲ ಇನ್ನೊಂದು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ತಾನಾಗಿಯೇ ನಿಶ್ಯಬ್ದ ವಲಯ ಎಂಬುದು ರೂಢಿಯ ನಂಬಿಕೆ. 2017ರ ಆಗಸ್ಟಿನಲ್ಲಿ ಕೇಂದ್ರ ನಿಯಮ ತಿದ್ದಿ, ರಾಜ್ಯ ಸರ್ಕಾರ ಅಧಿಸೂಚಿಸಿದ್ದು ಮಾತ್ರ ನಿಶ್ಯಬ್ದ ವಲಯ ಎಂದಿತು. ಮುಂಬೈನಲ್ಲಿ ಇದು ಕೋರ್ಟಿನ ಮೆಟ್ಟಿಲೇರಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದಿನ ಹಾರ್ನಿಗೆ ಯಾವ ಮಿತಿ ಎಂಬುದು ಬೋರ್ಡಿನ ಮೇಲಲ್ಲ, ಅಧಿಸೂಚನೆಯ ಮೇಲೆ ನಿಂತಿದೆ.

ಶಿಕ್ಷೆಯೂ ಬದಲಾಗಿದೆ. ಪರಿಸರ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು ಎಂದಿದ್ದದ್ದು 2024ರ ಏಪ್ರಿಲ್‌ನಿಂದ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಯಿತು, ವಿಧಿಸುವವರು ನ್ಯಾಯಾಧೀಶರಲ್ಲ, ನಿರ್ಣಯಾಧಿಕಾರಿ. ಜೈಲಿನ ಬೆದರಿಕೆ ಹೋದದ್ದರಿಂದ ಠಾಣೆಯ ಕೈ ಸಡಿಲವಾಯಿತು ಎನ್ನುವವರಿದ್ದಾರೆ. ಯಾರನ್ನೂ ಜೈಲಿಗೆ ಹಾಕದ ಕಾನೂನಿಗಿಂತ ವಸೂಲಾಗುವ ದಂಡ ಮೇಲು ಎನ್ನುವವರೂ ಇದ್ದಾರೆ.

ಎಲ್ಲಕ್ಕಿಂತ ಕಗ್ಗಂಟಾದದ್ದು ಲಾರಿಗಳದು. ಟ್ರಾಫಿಕ್ ತಪ್ಪಿಸಲೆಂದು ಭಾರೀ ವಾಹನಗಳನ್ನು ಹಗಲು ನಗರದೊಳಗೆ ಬಿಡುವುದಿಲ್ಲ. ಹಾಗಾಗಿ ಕಾಂಕ್ರೀಟ್ ಮಿಕ್ಸರ್, ಜಲ್ಲಿ, ರಿಗ್ಗು ಎಲ್ಲ ರಾತ್ರಿಯೇ ಬರಬೇಕು. ರಾತ್ರಿ ಆ ಯಂತ್ರಗಳ ಸದ್ದಿಗೆ ವಸತಿ ಪ್ರದೇಶದಲ್ಲಿ ನಿಷೇಧ. ಹಗಲು ರಸ್ತೆ ಸಿಗುವುದಿಲ್ಲ, ರಾತ್ರಿ ಸದ್ದು ಮಾಡುವಂತಿಲ್ಲ ಎಂದಾದರೆ ಮೋಲ್ಡ್ ಹಾಕುವುದು ಯಾವಾಗ ಎಂಬುದಕ್ಕೆ ಸಂಚಾರ ವಿಭಾಗ ಮತ್ತು ಠಾಣೆ ಇಬ್ಬರೂ ಸಹಿ ಹಾಕಿದ ಒಂದೇ ಉತ್ತರ ಇನ್ನೂ ಬಂದಿಲ್ಲ.